ಅಳಿಸದೆ ಬರೆಯುವ ಲೆಕ್ಕ

ಹೊಸೂರು, ಕೃಷ್ಣಗಿರಿಯ ಸುತ್ತಿನಲ್ಲಿ ಹೊಲ ಕೊಳ್ಳುವವರು ಪಟ್ಟಾ ಒಂದನ್ನೇ ನಂಬಿ ಹಣ ಕೊಡುವುದಿಲ್ಲ. ವಿಲ್ಲಂಗವನ್ನೂ, ಎಂದರೆ ಋಣಭಾರ ಪತ್ರವನ್ನೂ, ತೆಗೆಸಿ ನೋಡುತ್ತಾರೆ. ಭೂಮಿ ಈಗ ಯಾರ ಹೆಸರಿನಲ್ಲಿದೆ ಎಂಬುದನ್ನು ಪಟ್ಟಾ ಹೇಳುತ್ತದೆ. ಅದು ಅವರ ಕೈಗೆ ಬಂದ ದಾರಿಯನ್ನು ವಿಲ್ಲಂಗ ಹೇಳುತ್ತದೆ: ಯಾವಾಗ ಕ್ರಯವಾಯಿತು, ಯಾವಾಗ ಅಡವಿಟ್ಟರು, ಬಿಡಿಸಿದರೇ ಇಲ್ಲವೇ. ಸಾಲ ತೀರಿದ್ದರೂ ರಸೀದಿ ನೋಂದಾಯಿಸದಿದ್ದರೆ ಅಡಮಾನ ಅಲ್ಲಿ ಕಾಣುತ್ತಲೇ ಇರುತ್ತದೆ. ತಂದೆತಾಯಿಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

1908ರ ನೋಂದಣಿ ಕಾಯಿದೆಯಂತೆ ಸ್ಥಿರಾಸ್ತಿಯ ಪತ್ರಗಳು 1ನೆಯ ಪುಸ್ತಕಕ್ಕೆ ಸೇರುತ್ತವೆ. ಪ್ರತಿ ವರ್ಷ 1ರಿಂದ ಸಾಲಾಗಿ ಎಣಿಕೆ. ಸರ್ವೆ ನಂಬರು ತಪ್ಪಿದ್ದರೆ ಹಳೆಯ ಪತ್ರವನ್ನು ಹರಿಯದೆ ತಿದ್ದುಪಡಿ ಪತ್ರವೆಂಬ ಹೊಸದನ್ನು ಬರೆಸುತ್ತಾರೆ. ಹೊಸೂರಿನ 1960ರ ಪತ್ರದಲ್ಲಿ ಸೇಲಂ ಜಿಲ್ಲೆ, 1980ರದರಲ್ಲಿ ಧರ್ಮಪುರಿ, 2004ರ ಫೆಬ್ರವರಿಯಲ್ಲಿ ಹೊಸ ಜಿಲ್ಲೆಯಾದ ಮೇಲೆ ಕೃಷ್ಣಗಿರಿ. ಜಿಲ್ಲೆ ಬದಲಾಯಿತೆಂದು ಹಳೆಯ ಪತ್ರಗಳನ್ನು ತಿದ್ದುವುದಿಲ್ಲ.

ಗಣಕಯಂತ್ರದ ಡೇಟಾಬೇಸಿನಲ್ಲಿಯೂ ಹೀಗೆಯೇ ಲೆಕ್ಕವಿಡಬಹುದು. ಸಾಮಾನ್ಯ ರೂಢಿಯೆಂದರೆ ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ಬರೆಯುವುದು. ಅದು ಪಟ್ಟಾದ ರೀತಿ. ನಡೆದುದನ್ನೆಲ್ಲ ಒಂದರ ಕೆಳಗೊಂದು ಸೇರಿಸುತ್ತ ಹೋಗುವುದು ವಿಲ್ಲಂಗದ ರೀತಿ. ಇದಕ್ಕೆ ಈವೆಂಟ್ ಸ್ಟೋರ್ ಎಂದು ಹೆಸರು. ಒಂದೊಂದು ಖಾತೆಯ ಸಾಲನ್ನು ಸ್ಟ್ರೀಮ್ ಎನ್ನುತ್ತಾರೆ.

ಒಂದು ಹಾಲಿನ ಸಂಘದಲ್ಲಿ ಒಬ್ಬ ಸದಸ್ಯರ ಖಾತೆ ಇದೆಯೆಂದುಕೊಳ್ಳೋಣ. 1: ಜಮಾ 500 ರೂಪಾಯಿ. 2: ಖರ್ಚು 200. 3: ಜಮಾ 150. ಬಾಕಿಯನ್ನು ಬೇರೆ ಬರೆದಿಡಬೇಕಾಗಿಲ್ಲ. ಮೊದಲಿನಿಂದ ಓದಿ ಕೂಡಿ ಕಳೆದರೆ 450.

ಈಗ ಎರಡು ಯಂತ್ರಗಳಲ್ಲಿ ಇಬ್ಬರು ಗುಮಾಸ್ತರು ಒಂದೇ ಹೊತ್ತಿಗೆ ಅದೇ ಖಾತೆಯಿಂದ 300 ರೂಪಾಯಿ ಕೊಡಲು ಹೊರಟರು. ಇಬ್ಬರೂ 3ರವರೆಗೆ ಓದಿದ್ದಾರೆ, ಇಬ್ಬರಿಗೂ 450 ಕಾಣುತ್ತಿದೆ. ಇಬ್ಬರೂ ಕೊಟ್ಟರೆ ಸಂಘಕ್ಕೆ 150 ನಷ್ಟ. ಆದರೆ ಒಂದು ಸ್ಟ್ರೀಮಿನಲ್ಲಿ ಒಂದು ಸಂಖ್ಯೆ ಒಮ್ಮೆ ಮಾತ್ರ ಬರಬೇಕೆಂದು ಡೇಟಾಬೇಸಿಗೆ ಕಟ್ಟಳೆ ಹಾಕಿರುತ್ತೇವೆ. ಮೊದಲಿನವರ ಬರಹ 4ನೆಯದಾಗಿ ಸೇರಿತು. ಎರಡನೆಯವರ 4ನ್ನು ಡೇಟಾಬೇಸು ನಿರಾಕರಿಸಿತು. ಅವರು ಮತ್ತೆ ಓದಬೇಕು. ಓದಿದರೆ ಉಳಿದಿರುವುದು 150 ಮಾತ್ರ, 300 ಕೊಡುವಂತಿಲ್ಲ. ಈ ಪದ್ಧತಿಯಲ್ಲಿ ನಮಗೆ ತುಂಬ ಹಿಡಿಸಿದ್ದು ಇದೇ.

ನಮೂದುಗಳು ಸಾವಿರಾರು ಆದಾಗ ಓದುವುದು ನಿಧಾನವಾಗುತ್ತದೆ. ಆಗ 1000ನೆಯ ನಮೂದಿನ ಬಾಕಿಯನ್ನು ಬೇರೆಡೆ ಗುರುತು ಹಾಕಿಕೊಂಡು 1001ರಿಂದ ಓದುತ್ತಾರೆ. ಗುರುತು ಕಳೆದುಹೋದರೆ ಮತ್ತೆ ಕೂಡಿಸಬಹುದು. ನಮೂದು ಕಳೆದರೆ ಆಗದು. ಹಿಂದೊಮ್ಮೆ, 2ನೆಯ ನಮೂದಾದಾಗ, ಎಷ್ಟಿತ್ತು ಎಂದು ಯಾರಾದರೂ ಕೇಳಿದರೆ ಅಲ್ಲಿಯವರೆಗೆ ಓದಿ ನಿಲ್ಲಿಸಿದರಾಯಿತು: 300.