ಕಲಾವಿದರಿಗೆ ಭಿಕ್ಷೆ ಬೇಡ, ಊರಿನ ನಿಧಿ ಇರಲಿ
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಸಾಲ, ಬಡ್ಡಿ, ಕಂತು ಇವುಗಳ ಲೆಕ್ಕ ನಮಗೀಗ ಚೆನ್ನಾಗಿ ರೂಢಿಯಾಗಿದೆ. ವಾರಕ್ಕೆ ಹತ್ತು, ಇಪ್ಪತ್ತು ರೂಪಾಯಿ ಕೂಡಿಸಿ ಬಾಣಂತನ, ಬಿತ್ತನೆ, ಮಕ್ಕಳ ಫೀ ಎಲ್ಲವನ್ನೂ ನಿಭಾಯಿಸಿದ್ದೇವೆ. ಅದೇ ಜಾಣತನವನ್ನು ಇನ್ನೊಂದು ಕೆಲಸಕ್ಕೆ ಬಳಸಬಹುದೇ ಎಂದು ಈ ಪಾಠದಲ್ಲಿ ಯೋಚಿಸೋಣ. ಕೊರೋನಾ ಕಾಲದಲ್ಲಿ ನಮ್ಮೂರಿನ ಹಾಡುವವರು, ಬಾರಿಸುವವರು, ಬಣ್ಣ ಹಚ್ಚಿ ಕುಣಿಯುವವರು ಹೇಗೆ ಬದುಕಿದರು? ಮತ್ತೆ ಅಂಥ ರೋಗ ಬಂದರೆ ಊರು ಅವರಿಗಾಗಿ ಏನು ಮಾಡಬೇಕು?

1. ಆಗ ಏನಾಯಿತು?

2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಲಾಕ್‌ಡೌನ್ ಬಂತು. ಅವತ್ತೇ ಯುಗಾದಿ. ನಮ್ಮ ಕಡೆ ಯುಗಾದಿ ಅಂದರೆ ಜಾತ್ರೆಗಳ ಕಾಲ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯಲ್ಲಿ ತಂಬು ಹಾಕಿದ ನಾಟಕ ಕಂಪನಿಗಳು ಮುಂದೆ ಊರೂರ ಜಾತ್ರೆ ಹಿಡಿದು ಹೋಗುತ್ತವೆ. ಬೇಸಿಗೆಯ ಆ ನಾಲ್ಕೈದು ತಿಂಗಳ ಗಳಿಕೆಯೇ ಮಳೆಗಾಲದ ಊಟ. ತೇರು ನಿಂತಿತು, ತಂಬು ನಿಂತಿತು, ಗಳಿಕೆಯೂ ನಿಂತಿತು. ಮರುವರ್ಷವಾದರೂ ಎದ್ದೇವು ಅಂದುಕೊಂಡವರಿಗೆ 2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ. ಎರಡು ಬೇಸಿಗೆ ಹೀಗೆಯೇ ಹೋದವು. ರೋಣ, ನರಗುಂದ ಭಾಗದಲ್ಲಿ 2019ರ ಆಗಸ್ಟ್‌ನ ಮಲಪ್ರಭೆಯ ಪ್ರವಾಹದಿಂದ ಇನ್ನೂ ಚೇತರಿಸಿಕೊಳ್ಳದ ಮನೆಗಳಿಗೆ ಇದು ಎರಡನೆಯ ಪೆಟ್ಟು.

ನಾಟಕ ಅಂದರೆ ಬಣ್ಣ ಹಚ್ಚಿದವರಷ್ಟೇ ಅಲ್ಲ. ಹಾರ್ಮೋನಿಯಂ ಮಾಸ್ತರರು, ತಬಲಾದವರು, ಪರದೆ ಬರೆಯುವವರು, ಲೈಟಿನವರು, ಅಡುಗೆಯವರು, ಗೇಟಿನಲ್ಲಿ ಟಿಕೆಟ್ ಹರಿಯುವವರು, ತಂಬಿನ ಹೊರಗೆ ಮಿರ್ಚಿ ಭಜಿ ಮಾರುವ ಅಕ್ಕ, ಎಲ್ಲರ ಒಲೆಯೂ ಅದೇ ದುಡಿಮೆಯಿಂದ ಉರಿಯುತ್ತದೆ. ಹಳ್ಳಿಯಲ್ಲಿಯೇ ಇರುವ ದೊಡ್ಡಾಟದವರು, ಶ್ರೀಕೃಷ್ಣ ಪಾರಿಜಾತದವರು, ಗೀಗೀ ಮೇಳದವರು, ಕರಡಿ ಮಜಲಿನವರು, ಚೌಡಕಿ ಪದದವರು ಕೂಲಿಯ ಜೊತೆಗೆ ಕಲೆಯಿಂದಲೂ ನಾಲ್ಕು ಕಾಸು ಕಾಣುವವರು. ಆಗ ಕೂಲಿಯೂ ಇರಲಿಲ್ಲ, ಕಲೆಯೂ ಇರಲಿಲ್ಲ.

2. “ಹೊಟ್ಟಿಗೆ ಇಲ್ಲದಾಗ ಹಾಡು ಯಾಕ್ರಿ?”

ಈ ಪ್ರಶ್ನೆ ನಿಮ್ಮ ಸಭೆಯಲ್ಲಿಯೂ ಬರುತ್ತದೆ. ಬರಲಿ, ಅದು ನ್ಯಾಯವಾದ ಪ್ರಶ್ನೆ. ರೋಗ ಬಂದಾಗ ಮೊದಲು ಔಷಧ, ಆಮೇಲೆ ಅಕ್ಕಿ ಜೋಳ. ಇದರಲ್ಲಿ ಎರಡು ಮಾತಿಲ್ಲ. ಆದರೆ ನೇಕಾರನಿಗೆ ಮಗ್ಗ ಹೇಗೋ, ಕಲಾವಿದರಿಗೆ ಹಾಡು ಹಾಗೆ. ಅದೇ ಅವರ ಹೊಟ್ಟೆಯ ದಾರಿ. ಕಷ್ಟಕ್ಕೆ ಹಾರ್ಮೋನಿಯಂ ಮಾರಿದವರು ರೋಗ ಹೋದ ಮೇಲೆ ಅದನ್ನು ಸುಲಭವಾಗಿ ತಿರುಗಿ ಕೊಳ್ಳಲಾರರು. ಮೇಳದ ಹಿಮ್ಮೇಳದವನು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದರೆ ಮೇಳವೇ ಒಡೆಯುತ್ತದೆ. ಬಾಯಿಂದ ಬಾಯಿಗೆ ಬಂದ ಪದಗಳು ಒಂದು ತಲೆಮಾರು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಅವು ಯಾವ ಪುಸ್ತಕದಲ್ಲೂ ಇಲ್ಲ, ಮುದುಕಿಯರ ನೆನಪಿನಲ್ಲಿವೆ. ಮದುವೆ ಮನೆಯಲ್ಲಿ ಸೋಬಾನೆ ಹಾಡಲು ಆ ಅಜ್ಜಿಯನ್ನು ಕರೆಯುವ ನಾವು, ಅವಳ ಮನೆಯಲ್ಲಿ ಒಲೆ ಹೊತ್ತದ ದಿನ ಯಾಕೆ ನೆನೆಯಬಾರದು?

3. ಸರ್ಕಾರದ ನೆರವು ಮತ್ತು ಅದರ ಪಾಠ

2020ರಲ್ಲಿ ರಾಜ್ಯ ಸರ್ಕಾರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮೂಲಕ ಸಂಕಷ್ಟದಲ್ಲಿದ್ದ ಕಲಾವಿದರಿಗೆ ತಲಾ 2,000 ರೂಪಾಯಿ ಕೊಟ್ಟಿತು. 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ತಲಾ 3,000 ರೂಪಾಯಿ ಘೋಷಿಸಿತು. ಅದು ಒಳ್ಳೆಯ ಕೆಲಸವೇ. ಆದರೆ ಒಂದು ಸಂಸಾರಕ್ಕೆ ಆ ಹಣ ಎಷ್ಟು ದಿನ ಬಂದೀತು, ನೀವೇ ಲೆಕ್ಕ ಹಾಕಿರಿ. ಇನ್ನೊಂದು ತೊಡಕು ಕಾಗದದ್ದು. ಇಂಥ ಸಹಾಯಕ್ಕೆ ಅರ್ಜಿ ಬೇಕು, ಬ್ಯಾಂಕ್ ಖಾತೆ ಬೇಕು, ತಾನು ಕಲಾವಿದ ಎನ್ನುವುದಕ್ಕೆ ಪುರಾವೆ ಬೇಕು. ನಲವತ್ತು ವರ್ಷ ಹಾಡಿದ ಅವ್ವನ ಹತ್ತಿರ ಒಂದು ಫೋಟೋ ಇಲ್ಲ, ಒಂದು ಪ್ರಮಾಣಪತ್ರ ಇಲ್ಲ. ಊರಿಗೆಲ್ಲ ಅವಳು ಗೊತ್ತು, ಕಚೇರಿಗೆ ಗೊತ್ತಿಲ್ಲ.

ಆದ್ದರಿಂದ ಹಣ ಕೂಡಿಸುವ ಮೊದಲೇ ಸಂಘಗಳು ಮಾಡಬಹುದಾದ ಕೆಲಸ ಒಂದಿದೆ: ಕಲಾವಿದರ ಪಟ್ಟಿ ಮತ್ತು ಅವರ ಕಾಗದಪತ್ರ. ಇದಕ್ಕೆ ಖರ್ಚು ಬಹಳ ಇಲ್ಲ.

4. ಮೊದಲೇ ಕೂಡಿಸಿಟ್ಟವರು

ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್‌ನಿಂದ ಮೇ ತನಕ ನಡೆಯುತ್ತದೆ. 2020ರಲ್ಲಿ ಅದೂ ಅರ್ಧಕ್ಕೆ ನಿಂತಿತು. ಆಗ ಭಾಗವತರಾದ ಪಟ್ಲ ಸತೀಶ್ ಶೆಟ್ಟರ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಲಾವಿದರಿಗೆ ದಿನಸಿ ಕಿಟ್ ತಲುಪಿಸಿತು. ಬೇಗನೆ ತಲುಪಿಸಲು ಸಾಧ್ಯವಾದದ್ದು ಹೇಗೆ? ಆ ಸಂಸ್ಥೆ 2015ರಿಂದಲೇ ದಾನಿಗಳನ್ನು ಕೂಡಿಸಿಕೊಂಡು ಕಲಾವಿದರ ಕಷ್ಟಸುಖ ನೋಡುತ್ತಿತ್ತು. ಯಾರ ಮನೆ ಎಲ್ಲಿ ಎನ್ನುವುದು ಅವರಿಗೆ ಗೊತ್ತಿತ್ತು. ಚೆನ್ನೈನಲ್ಲಿ ಗಾಯಕ ಟಿ.ಎಂ. ಕೃಷ್ಣ ಅವರ ಸುಮನಸಾ ಫೌಂಡೇಶನ್ 2020ರಲ್ಲಿ ಕೋವಿಡ್ ಕಲಾವಿದರ ನಿಧಿ ತೆರೆದು, ದಾನಿಗಳ ಹಣವನ್ನು ಬಡ ಕಲಾವಿದರಿಗೆ ಮುಟ್ಟಿಸಿತು.

ಇವರೆಲ್ಲ ದೊಡ್ಡವರು, ನಮ್ಮಿಂದ ಆದೀತೇ ಎನ್ನಬೇಡಿ. ನಮ್ಮ ಗದಗ ಸೀಮೆಯೇ ಇದರಲ್ಲಿ ಹಿರಿಯಕ್ಕ.

5. ನಮ್ಮ ಮಣ್ಣಿನ ದಾರಿ

ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆಲ್ಲ ಗೊತ್ತು. ಪಂಚಾಕ್ಷರಿ ಗವಾಯಿಗಳು, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣು ಕಾಣದವರು. ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವನ್ನೂ ಕೊಟ್ಟು ಸಂಗೀತವನ್ನೂ ಕಲಿಸಿದರು. ಆ ಅನ್ನ ಎಲ್ಲಿಂದ ಬಂತು? ಊರೂರ ಭಕ್ತರು ಕೊಟ್ಟ ಕಾಳುಕಡಿಯಿಂದ, ಪುಟ್ಟರಾಜರಿಗೆ ಜನ ಮಾಡಿದ ತುಲಾಭಾರಗಳಿಂದ, ಆಶ್ರಮದ್ದೇ ನಾಟಕ ಕಂಪನಿಯ ಗಳಿಕೆಯಿಂದ. ಕಲೆ ದುಡಿದು ಕಲೆಯನ್ನೇ ಸಾಕಿತು, ಜನ ಕೈಗೂಡಿಸಿದರು. 2010ರಲ್ಲಿ ಪುಟ್ಟರಾಜ ಗವಾಯಿಗಳು ತೀರಿಕೊಂಡ ಮೇಲೂ ಆಶ್ರಮ ನಡೆದುಕೊಂಡು ಬಂದಿದೆ.

ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಸಣ್ಣ ಹಣ, ಹಲವರ ಕೈ, ಬಿಚ್ಚಿಟ್ಟ ಲೆಕ್ಕ: ನಮ್ಮ ಸ್ವ-ಸಹಾಯ ಸಂಘಗಳೂ ಅದೇ ದಾರಿಯ ಕೂಸುಗಳು.

ಹಳ್ಳಿಯ ಪದ್ಧತಿಗಳನ್ನೂ ನೆನೆಯಿರಿ. ರಾಶಿಯ ಕಾಲಕ್ಕೆ ಆಯಗಾರರಿಗೆ ಕಾಳು ಕೊಡುತ್ತಿದ್ದೆವು. ಅದನ್ನು ಯಾರೂ ದಾನ ಅನ್ನಲಿಲ್ಲ, ಅದು ಅವರ ಪಾಲು. ಆಟದ ರಾತ್ರಿ ಪಾತ್ರ ಚೆನ್ನಾಗಿ ಮಾಡಿದವರಿಗೆ ಹೆಸರು ಕೂಗಿ ಆಹೇರಿ ಮಾಡುವುದು ಈಗಲೂ ಉಂಟು. ಅದೂ ಮರ್ಯಾದೆಯ ಹಣ. ನಮ್ಮ ನಿಧಿಯೂ ಹೀಗೆಯೇ ಇರಬೇಕು, ಕಲಾವಿದರ ಪಾಲು ಎಂದು. ಕಿಟ್ ಕೊಟ್ಟು ಫೋಟೋ ತೆಗೆಸಿ ಹಂಚುವುದು ಬೇಡ. ಹಾಡಿದವಳ ತಲೆ ತಗ್ಗಿಸಿ ಕೊಟ್ಟ ಅಕ್ಕಿ ಗಂಟಲಲ್ಲಿ ಇಳಿಯುವುದಿಲ್ಲ.

6. ಹೇಗೆ ಮಾಡುವುದು?

ಅಸೂಟಿಯಂಥ ಒಂದು ಊರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಊರಲ್ಲಿ ಹತ್ತು ಸಂಘ, ಸಂಘಕ್ಕೆ ಹದಿನೈದು ಸದಸ್ಯೆಯರು ಎಂದು ಹಿಡಿಯಿರಿ. ಒಬ್ಬೊಬ್ಬರು ವಾರಕ್ಕೆ 2 ರೂಪಾಯಿ ತೆಗೆದಿಟ್ಟರೆ ಒಂದು ಸಂಘದಿಂದ ವರ್ಷಕ್ಕೆ 1,560 ರೂಪಾಯಿ. ಹತ್ತು ಸಂಘಗಳಿಂದ 15,600. ಮೂರು ವರ್ಷಕ್ಕೆ 46,800 ರೂಪಾಯಿ. ಮತ್ತೆ ಊರು ಮುಚ್ಚುವ ಕಾಲ ಬಂದರೆ ಹತ್ತು ಕಲಾವಿದರ ಮನೆಗಳಿಗೆ ತಿಂಗಳಿಗೆ 1,500ರಂತೆ ಮೂರು ತಿಂಗಳು ಕೊಡಲು 45,000 ಸಾಕು. ವಾರಕ್ಕೆ ಎರಡು ರೂಪಾಯಿಯ ಬಲ ನೋಡಿರಿ!

(ಅ) ಪಟ್ಟಿ ಮಾಡಿರಿ. ಓಣಿಗೆ ಇಬ್ಬರಂತೆ ಹೋಗಿ ಕಲಾವಿದರ ಹೆಸರು, ವಯಸ್ಸು, ಕಲೆ, ಎಷ್ಟು ವರ್ಷದಿಂದ, ಬ್ಯಾಂಕ್ ಖಾತೆ ಇದೆಯೇ ಎಂದು ಬರೆದುಕೊಳ್ಳಿರಿ. ಎಲ್ಲ ಜಾತಿ ಧರ್ಮದವರೂ ಇರಲಿ, ಮೊಹರಂ ಪದ ಹಾಡುವವರೂ ಭಜನೆಯವರೂ. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿರಿ. ಸೋಬಾನೆ, ಬೀಸುವ ಪದ ಹಾಡುವವರನ್ನು ಯಾರೂ ಕಲಾವಿದರು ಎಂದು ಎಣಿಸುವುದಿಲ್ಲ. ನಾವು ಎಣಿಸೋಣ.

(ಆ) ಕಾಗದ ಮಾಡಿಸಿರಿ. ಕಾರ್ಯಕ್ರಮದ ಫೋಟೋ, ಕರಪತ್ರ, ಪತ್ರಿಕೆಯ ತುಣುಕು ಒಂದು ಫೈಲಿನಲ್ಲಿ ಇಡಿಸಿರಿ. ಹಿರಿಯ ಕಲಾವಿದರ ಮಾಸಾಶನದ ಬಗ್ಗೆ ಗದಗಿನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ.

(ಇ) ಸುಗ್ಗಿಯಲ್ಲಿ ಕಾಳು ಕೇಳಿರಿ. ಹಣ ಕೊಡಲು ಆಗದ ಮನೆಯೂ ಒಂದು ಸೇರು ಜೋಳ, ಕಡಲೆ ಕೊಟ್ಟೀತು. ಹುಳ ಬೀಳುವ ಮೊದಲೇ ಮಾರಿ ನಿಧಿಗೆ ಹಾಕಿರಿ.

(ಈ) ಕೆಲಸ ಕೊಟ್ಟು ಹಣ ಕೊಡಿರಿ. ವರ್ಷಕ್ಕೊಮ್ಮೆ ಊರ ಕಲಾವಿದರಿಂದಲೇ ನಿಧಿಯ ಸಹಾಯಾರ್ಥ ಆಟ ಆಡಿಸಿರಿ, ಅವರಿಗೆ ಸಂಭಾವನೆ ಕೊಟ್ಟು ಉಳಿದದ್ದು ನಿಧಿಗೆ. ರೋಗದ ಕಾಲದಲ್ಲಿ ಮಂದಿ ಸೇರಬಾರದು. ಆಗ ಅಜ್ಜಿಯ ಪದಗಳನ್ನು ಮೊಬೈಲಿನಲ್ಲಿ ತುಂಬಿಸಿಕೊಂಡು ಅದಕ್ಕೆ ಸಂಭಾವನೆ ಕೊಡಿರಿ. ಪದವೂ ಉಳಿಯಿತು, ಮನೆಯೂ ನಡೆಯಿತು.

7. ಲೆಕ್ಕದ ಎಚ್ಚರ

ಸದಸ್ಯೆಯರ ಉಳಿತಾಯದ ಹಣಕ್ಕೂ ಈ ನಿಧಿಗೂ ಎಂದೂ ಬೆರಕೆ ಆಗಬಾರದು. ಬೇರೆ ನಿರ್ಣಯ, ಬೇರೆ ಪುಸ್ತಕ, ಬೇರೆ ಖಾತೆ. ಖಾತೆ ಒಬ್ಬರ ಹೆಸರಲ್ಲಿ ಬೇಡ, ಇಬ್ಬರ ಸಹಿ ಇರಲಿ. ಯಾರದೋ ಮೊಬೈಲ್ ನಂಬರಿಗೆ ಫೋನ್‌ಪೇ ಹಾಕಿಸಿಕೊಳ್ಳಬೇಡಿರಿ. ಐದು ರೂಪಾಯಿಗೂ ರಸೀದಿ ಕೊಡಿರಿ. ಬಂದದ್ದು, ಹೋದದ್ದು ಪ್ರತಿ ತಿಂಗಳು ಸಭೆಯಲ್ಲಿ ಓದಿರಿ. ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವಾಗ ಬೇಕಾದವರು, ಬೀಗರು ಎಂದು ನೋಡದೆ ಮನೆಯ ಕಷ್ಟ ನೋಡಿರಿ. ಒಲ್ಲೆ ಎನ್ನುವ ಸದಸ್ಯೆಯನ್ನು ಒತ್ತಾಯ ಮಾಡಬೇಡಿರಿ. ಒತ್ತಾಯದ ಹಣದಿಂದ ಸಂಘ ಒಡೆಯುತ್ತದೆ.

ಚರ್ಚೆಗೆ ಪ್ರಶ್ನೆಗಳು

• ನಮ್ಮ ಓಣಿಯಲ್ಲಿ ಹಾಡುವ, ಬಾರಿಸುವ, ಆಡುವ ಎಷ್ಟು ಜನರಿದ್ದಾರೆ? ಅದರಲ್ಲಿ ಹೆಣ್ಣುಮಕ್ಕಳು ಎಷ್ಟು?
• 2020 ಮತ್ತು 2021ರಲ್ಲಿ ಅವರ ಮನೆ ಹೇಗೆ ನಡೆಯಿತು? ಯಾವ ವಾದ್ಯ ಮಾರಿದರು? ಯಾವ ಮೇಳ ನಿಂತುಹೋಯಿತು?
• ನಮ್ಮ ಸಂಘ ವಾರಕ್ಕೆ ಎಷ್ಟು ಕೊಡಬಲ್ಲದು? ಯಾರಿಗೂ ಭಾರವಾಗದ ಮೊತ್ತ ಯಾವುದು?

ಮುಂದಿನ ಸಭೆಗೆ ಕೆಲಸ

ಪ್ರತಿ ಸದಸ್ಯೆಯೂ ಒಬ್ಬ ಕಲಾವಿದರ ಮನೆಗೆ ಹೋಗಿ ಮಾತಾಡಿಸಿ ಬರಬೇಕು. ಹಣದ ಮಾತು ಮೊದಲೇ ಬೇಡ. “ಅವ್ವಾ, ನಿನಗ ಎಷ್ಟು ಪದ ಬರ್ತಾವ?” ಅಂತ ಕೇಳಿರಿ ಸಾಕು. ಅವಳ ಹೆಸರನ್ನು, ಪದಗಳ ಎಣಿಕೆಯನ್ನು ಬರೆದುಕೊಂಡು ತನ್ನಿರಿ. ನಿಧಿಯ ಪುಸ್ತಕದ ಮೊದಲ ಹಾಳೆಯಲ್ಲಿ ಆ ಹೆಸರುಗಳೇ ಇರಲಿ. ಹಣದ ಲೆಕ್ಕ ಎರಡನೆಯ ಹಾಳೆಯಿಂದ ಶುರುವಾಗಲಿ.