ದುರ್ಗದ ಸೀಮೆಯಲ್ಲಿ ನೀರಿನ ಜಾಡು ಹಿಡಿದು

ಚಿತ್ರದುರ್ಗದ ಕೋಟೆಗೆ ಬರುವ ಹೆಚ್ಚಿನ ಪ್ರವಾಸಿ ಬಸ್ಸುಗಳು ಎರಡು ಮೂರು ಗಂಟೆಯಲ್ಲಿ ಹೊರಟುಬಿಡುತ್ತವೆ. ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ, ಒಂದು ಉಯ್ಯಾಲೆ ಕಂಬ, ಒಂದಷ್ಟು ಫೋಟೋ. ಆಮೇಲೆ ಹೊಸಪೇಟೆಯ ದಾರಿ. ಹಿರಿಯೂರು ಊಟಕ್ಕೆ ನಿಲ್ಲುವ ಊರು. ಹೊಸದುರ್ಗ, ಹೊಳಲ್ಕೆರೆಗಳ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದ ಮೇಲೆ ನಾನು ಹಿಡಿದ ಕೆಲಸ, ಬೆಂಗಳೂರು, ಮೈಸೂರು, ಕೋಲಾರದ ಕಡೆಯಿಂದ ಬರುವ ಓದುಗರ ಬಳಗಗಳಿಗೆ ಈ ನಾಲ್ಕು ತಾಲ್ಲೂಕುಗಳನ್ನು ನಿಧಾನವಾಗಿ ತೋರಿಸುವುದು. ಹೀಗೆ ಗುಂಪುಗಳ ಜೊತೆ ತಿರುಗುತ್ತಾ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾಳು ಬಿದ್ದ ಜಾಗಗಳನ್ನು ತೋರಿಸುವವರಿಗೂ ನೋಡಲು ಹೊರಟವರಿಗೂ ಇದು ಬೇಕಾದೀತು.

ಕೋಟೆ ತೋರಿಸುವ ರೂಢಿಯ ಕ್ರಮ ರಾಜರದ್ದು. ತಿಮ್ಮಣ್ಣನಾಯಕನಿಂದ ಶುರುಮಾಡಿ ಮದಕರಿನಾಯಕನವರೆಗೆ ಹೆಸರುಗಳು ಬರುತ್ತವೆ, ಎರಡನೇ ಬಾಗಿಲು ದಾಟುವ ಹೊತ್ತಿಗೆ ಕೇಳುವವರ ಕಣ್ಣು ಕೋತಿಗಳ ಮೇಲೆ ಹೋಗಿರುತ್ತದೆ. ಇದನ್ನು ಬದಲಾಯಿಸಿದ್ದು ಕೋಲಾರದ ಕಡೆಯಿಂದ ಬಂದ ಒಬ್ಬ ರೈತ ಹೆಂಗಸು. ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, “ಇಷ್ಟು ಎತ್ತರದಲ್ಲಿ ಈ ನೀರು ಎಲ್ಲಿಂದ ಬಂತು ತಾಯಿ? ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದರು. ಬೋರ್‌ವೆಲ್ ಬತ್ತುವುದನ್ನು ಕಂಡು ಬಾಳಿದವರ ಪ್ರಶ್ನೆ ಅದು. ಅವರಿಗೆ ಉತ್ತರ ಹೇಳುತ್ತಿದ್ದಾಗ ಚದುರಿದ್ದ ಗುಂಪೆಲ್ಲ ತಾನಾಗಿ ಸುತ್ತ ಸೇರಿತು. ಅಂದಿನಿಂದ ಈ ಸೀಮೆಯನ್ನು ನೀರಿನ ಜಾಡಿನಲ್ಲೇ ತೋರಿಸುತ್ತಿದ್ದೇನೆ. ಮಳೆ ಕಡಿಮೆ ಇರುವ ನಾಡಿನಲ್ಲಿ ರಾಜ ಯಾಕೆ ಅಲ್ಲೇ ಕೋಟೆ ಕಟ್ಟಿದ, ದೇವರು ಯಾಕೆ ಅಲ್ಲೇ ನೆಲೆಸಿದ ಎಂಬುದಕ್ಕೆ ನೀರಿನಷ್ಟು ಚೆನ್ನಾಗಿ ಇನ್ನಾವುದೂ ಉತ್ತರ ಕೊಡುವುದಿಲ್ಲ.

ಗೋಪಾಲಸ್ವಾಮಿ ಹೊಂಡಕ್ಕೆ ಬರುವುದು ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆ. ಬಂಡೆ ನೀರನ್ನು ಹೀರುವುದಿಲ್ಲ, ಇಳಿಸುತ್ತದೆ. ಆ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆಹೊಂಡಕ್ಕೆ. ಬೆಟ್ಟದ ಮೇಲಿನ ಸೈನಿಕನೂ ಪೇಟೆಯ ವ್ಯಾಪಾರಿಯೂ ಒಂದೇ ಮಳೆಯನ್ನು ಹಂಚಿಕೊಂಡು ಕುಡಿದಿದ್ದಾರೆ. ಇಷ್ಟು ತಿಳಿದ ಮೇಲೆ ಏಳು ಸುತ್ತಿನ ಗೋಡೆಗಳು ಬೇರೆ ಥರ ಕಾಣತೊಡಗುತ್ತವೆ. ಹೈದರಾಲಿ ಈ ಕೋಟೆಗೆ ಮತ್ತೆ ಮತ್ತೆ ಮುತ್ತಿಗೆ ಹಾಕಬೇಕಾಯಿತು. 1779ರಲ್ಲಿ ಕೋಟೆ ಬಿದ್ದು ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಅಷ್ಟು ಕಾಲ ಒಳಗಿನವರು ತಡೆದುಕೊಂಡರೆಂದರೆ ಗೋಡೆಯಷ್ಟೇ ಹೊಂಡಗಳೂ ಕಾರಣ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಓಬವ್ವನ ಕಥೆಯಲ್ಲೂ ನೀರಿದೆ. ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದಿದ್ದ, ಅವನಿಗೆ ನೀರು ತರಲು ಹೋದಾಗ ಕಿಂಡಿಯಲ್ಲಿ ನುಸುಳುತ್ತಿದ್ದ ವೈರಿಗಳು ಅವಳ ಕಣ್ಣಿಗೆ ಬಿದ್ದರು ಎಂದು ಜನ ಹೇಳುತ್ತಾರೆ. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಇದೆ. 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿಯವರು ಒನಕೆ ಬೀಸಿದ್ದನ್ನು ನೋಡಿದವರು ಕಿಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರನ್ನು ಹತ್ತು ಹೆಜ್ಜೆ ಆಚೆ ಕರೆದುಕೊಂಡು ಹೋಗಿ ದೋಣಿ ತೋರಿಸಿದರೆ ಒನಕೆಯ ಹಿಂದಿನ ಕೊಡ, ಕೊಡದ ಹಿಂದಿನ ಸಂಸಾರ ಕಾಣುತ್ತದೆ. ಹೆಂಗಸರು ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಇನ್ನೊಂದು ಪಾಠವೂ ಇದೇ ಕೋಟೆಯಲ್ಲಿ ಸಿಕ್ಕಿದ್ದು. ಬರುವವರಲ್ಲಿ ಅನೇಕರು ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿರುತ್ತಾರೆ. ಆ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟರಲ್ಲಿ ಲೇಖಕರು ತೀರಿಕೊಂಡಿದ್ದರು. ಓದಿ ಬಂದವರ ಕಾಲಿಗೆ ಬೇರೆಯೇ ಶಕ್ತಿ ಇರುತ್ತದೆ, ಮೆಟ್ಟಿಲು ಭಾರವೆನಿಸುವುದಿಲ್ಲ. ಆದರೆ ಕಾದಂಬರಿಯ ಮಾತುಕತೆಗಳನ್ನು ಅವರು ನಡೆದದ್ದೇ ಎಂದು ನಂಬಿ ಬಂದಿರುತ್ತಾರೆ. ಅದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಹೇಳುತ್ತೇನೆ: ಇದು ಶಾಸನದಲ್ಲಿದೆ, ಇದು ಜನರ ಬಾಯಲ್ಲಿದೆ, ಇದು ತ.ರಾ.ಸು. ಕಂಡದ್ದು. ಮೂರನ್ನೂ ಗೌರವದಿಂದ ಹೇಳಬೇಕು, ಆದರೆ ಕಲಸಬಾರದು. ಬೆರೆಸಿ ಹೇಳುವ ಗೈಡ್‌ಗೆ ಚಪ್ಪಾಳೆ ಜಾಸ್ತಿ, ನಿಜ. ಹಾಗಿದ್ದರೂ ಬೇರ್ಪಡಿಸಿ ಹೇಳಿದಾಗ ಜನ ಕೇಳುವ ಪ್ರಶ್ನೆಗಳ ಮಟ್ಟವೇ ಏರುತ್ತದೆ. ಈ ಊರಿನ ಚರಿತ್ರೆಗಾಗಿ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಬಾಳಿಡೀ ದುಡಿದಿದ್ದಾರೆ. ಅವರ ದುಡಿಮೆಗೆ ನಾವು ತೋರಿಸಬಹುದಾದ ಮರ್ಯಾದೆ ಅದೊಂದೇ.

ಕೋಟೆಯ ಬೆನ್ನಿಗೇ ಚಂದ್ರವಳ್ಳಿ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಈ ಮೂರು ಬೆಟ್ಟಗಳ ನಡುವಿನ ಕಣಿವೆ. ಹೆಚ್ಚಿನವರು ಅಂಕಲಿ ಮಠದ ಕತ್ತಲೆಯ ಕೋಣೆಗಳಿಗೆ ಇಳಿದು, ತಲೆ ತಾಗಿಸಿಕೊಂಡು, ಮೇಲೆ ಬಂದು ಬಸ್ಸು ಹತ್ತುತ್ತಾರೆ. ನಾನು ಮೊದಲು ಕೆರೆಯ ದಂಡೆಗೆ, ಆಮೇಲೆ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಹತ್ತಿರ ಕರೆದೊಯ್ಯುತ್ತೇನೆ. ಆ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಪಲ್ಲವರು, ಆಭೀರರು, ಪುನ್ನಾಟದವರು ಎಂದು ಅವನು ಗೆದ್ದವರ ಹೆಸರುಗಳು ಅದರಲ್ಲಿ ಬರುತ್ತವೆ. ಆದರೆ ಆ ಬರಹ ಅಲ್ಲಿರುವುದು ಗೆಲುವಿನ ಸಲುವಾಗಿ ಅಲ್ಲ, ಕೆರೆಯ ಸಲುವಾಗಿ. ಕನ್ನಡ ನೆಲದ ಮೊದಲ ರಾಜಮನೆತನದ ಮೂಲಪುರುಷ ಈ ಕಣಿವೆಯಲ್ಲಿ ತಟಾಕ ಮಾಡಿಸಿದೆ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಇದನ್ನು ಹೇಳಿ, ತಿರುಗಿ ಕೆರೆಯ ಕಡೆ ನೋಡಿ ಎಂದರೆ ಸಾಕು. ಹದಿನಾರು ಹದಿನೇಳು ಶತಮಾನ ಹಿಂದಿನ ಮಾತಿಗೆ ಸಾಕ್ಷಿಯಾಗಿ ಅಲ್ಲೇ ನೀರು ನಿಂತಿರುತ್ತದೆ.

ಎಂ.ಎಚ್. ಕೃಷ್ಣ ಅವರು ಇಲ್ಲಿ ಉತ್ಖನನ ಮಾಡಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಮಾಡಿದರು. ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕವು. ಮಕ್ಕಳಿರುವ ಗುಂಪಾದರೆ ನಾನು ಇಲ್ಲಿ ಸುಮ್ಮನಾಗಿ ಅವರನ್ನೇ ಕೇಳುತ್ತೇನೆ: ರೋಮ್‌ನ ದುಡ್ಡು ದುರ್ಗಕ್ಕೆ ಹೇಗೆ ಬಂದಿರಬಹುದು? ಹಡಗು, ಎತ್ತಿನ ಗಾಡಿ, ಹತ್ತಿ, ಮೆಣಸು ಎಂದು ಅವರೇ ದಾರಿ ಕಟ್ಟುತ್ತಾ ಹೋಗುತ್ತಾರೆ. ಹೇಳಿಕೊಟ್ಟದ್ದಕ್ಕಿಂತ ಊಹಿಸಿದ್ದು ಅವರಿಗೆ ನೆನಪುಳಿಯುತ್ತದೆ. ಗುಹೆಗೆ ಇಳಿಯುವುದಾದರೆ ಜಾಗ ಬಲ್ಲ ಸ್ಥಳೀಯರೂ ಒಳ್ಳೆಯ ಟಾರ್ಚೂ ಬೇಕೇ ಬೇಕು. ಮೊಬೈಲಿನ ಬೆಳಕು ಸಾಲದು.

ಹಿರಿಯೂರಿನಲ್ಲಿ ತೇರುಮಲ್ಲೇಶ್ವರ ಗುಡಿಗೆ ಬೆಳಿಗ್ಗೆಯೇ ಹೋಗಬೇಕು. ಮುಖಮಂಟಪದ ಒಳಮಾಡಿನ ಮೇಲೆ ರಾಮಾಯಣದ, ಶಿವನ ಕಥೆಗಳ ಹಳೆಯ ವರ್ಣಚಿತ್ರಗಳಿವೆ. ಕತ್ತೆತ್ತಿ ನಿಂತು ನೋಡಿದರೆ ಐದೇ ನಿಮಿಷಕ್ಕೆ ಸಾಕೆನಿಸುತ್ತದೆ. ಪೂಜಾರರನ್ನು ಕೇಳಿ, ನೆಲದ ಮೇಲೆ ಕೂತು ಹಿಂದಕ್ಕೆ ಕೈಯೂರಿ ನೋಡಬೇಕು.

ಅಲ್ಲಿಂದ ಮಾರಿಕಣಿವೆ. ಕಾಗದದ ಮೇಲೆ ವಾಣಿವಿಲಾಸ ಸಾಗರ, ಇಲ್ಲಿನವರ ಬಾಯಲ್ಲಿ ಮಾರಿಕಣಿವೆ ಡ್ಯಾಮು. ಪುರಾತನ ಅವಶೇಷ ನೋಡಲು ಬಂದವರಿಗೆ ಅಣೆಕಟ್ಟು ಯಾಕೆ ಎಂದು ಬಸ್ಸಿನಲ್ಲಿ ಯಾರಾದರೂ ಗೊಣಗಿಯೇ ಗೊಣಗುತ್ತಾರೆ. ಇಳಿದ ಮೇಲೆ ಆ ಮಾತಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1898ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಬಾಬಾಬುಡನ್‌ಗಿರಿಯ ಕಡೆಯಿಂದ ಹರಿದು ಬರುವ ವೇದಾವತಿಗೆ ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಕಲ್ಲಿನ ಗೋಡೆ ಎಬ್ಬಿಸಿದರು. ಮೂವತ್ತು ಟಿಎಂಸಿ ಹಿಡಿಯುವ ಜಲಾಶಯ. ಅದರ ಪೂರ್ಣಮಟ್ಟ 130 ಅಡಿ. ಹಿರಿಯೂರಿನಲ್ಲಿ ಇಬ್ಬರು ಸಿಕ್ಕರೆ ಮಳೆಗಾಲದಲ್ಲಿ ಮೊದಲು ಕೇಳುವುದೇ “ಡ್ಯಾಮ್ ಎಷ್ಟು ಅಡಿ ಐತೆ?” ಅಂತ.

1933ರಲ್ಲಿ ಕೋಡಿ ಬಿದ್ದ ಮೇಲೆ ಇದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. ಆಮೇಲೆ 2025ರ ಜನವರಿಯಲ್ಲಿ ಮತ್ತೆ ತುಂಬಿ ಹರಿಯಿತು. ಅಷ್ಟರಲ್ಲಿ ಭದ್ರಾ ಮೇಲ್ದಂಡೆಯ ನೀರೂ ಇತ್ತ ಬರತೊಡಗಿತ್ತು. ಕೋಡಿ ಬಿದ್ದ ಸುದ್ದಿಗೆ ಸುತ್ತಲ ಹಳ್ಳಿಗಳೆಲ್ಲ ಬಂದು ನಿಂತದ್ದನ್ನು ನಾನು ನೋಡಿದ್ದೇನೆ. ಕೆಲವೇ ವರ್ಷ ಹಿಂದೆ ಇದೇ ಸೀಮೆಯಲ್ಲಿ ನೀರಿಲ್ಲದೆ ಸುಳಿ ಒಣಗಿದ ತೆಂಗಿನ ತೋಟಗಳನ್ನು ಕಡಿದುಹಾಕಿದ್ದರು. ಅಣೆಕಟ್ಟಿನ ಬಳಿ ಚಹಾ ಮಾರುವ ಒಬ್ಬ ಅಜ್ಜನ ಹತ್ತಿರ ಗುಂಪನ್ನು ಕೂರಿಸುತ್ತೇನೆ. ಅವರ ಅಪ್ಪ 1933ರ ಕೋಡಿ ಕಂಡವರು, ಅವರು 2022ರದ್ದು ಕಂಡವರು. “ನಮ್ಮಪ್ಪ ಹೇಳಿದ್ದು ಸುಳ್ಳು ಅಂತ ಹುಡುಗ್ರು ನಗಾಡ್ತಿದ್ರು ಟೀಚರಮ್ಮ, ಈಗ ನಗಾಡಲ್ಲ” ಎನ್ನುತ್ತಾರೆ. ಇಸವಿ, ಅಡಿ, ಟಿಎಂಸಿ ಎಂದು ನಾನು ಹೇಳಿದ್ದಕ್ಕಿಂತ ಗುಂಪಿನವರು ಊರಿಗೆ ಒಯ್ಯುವುದು ಆ ಮಾತನ್ನು. ಗೈಡ್ ಆದವರು ಎಲ್ಲಿ ಸುಮ್ಮನಿರಬೇಕು ಎಂಬುದನ್ನು ನಾನು ಕಲಿತದ್ದು ಆ ಚಹಾದಂಗಡಿಯ ಮುಂದೆ.

ಹೊಸದುರ್ಗದ ಕಡೆಗೆ ದೊಡ್ಡ ಬಸ್ಸು ಬೇಡ. ಹಳ್ಳಿಯ ರಸ್ತೆಗಳಲ್ಲಿ ಎದುರು ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು, ಬೆಳೆ ಹೊತ್ತವರು ಯಾಕೆ ಸರಿಯಬೇಕು? ಟೆಂಪೊ ಟ್ರಾವೆಲರ್ ಸಾಕು. ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆ. ಹಳೇಬೀಡು ನೋಡಿ ಕಣ್ಣು ತುಂಬಿಕೊಂಡವರೂ ಈ ಕಪ್ಪು ಕಲ್ಲಿನ ಪುಟ್ಟ ಕಟ್ಟಡದ ಮುಂದೆ ಮೆತ್ತಗಾಗುತ್ತಾರೆ. ಬಾಗೂರಿನ ಚೆನ್ನಕೇಶವನನ್ನೂ ನೋಡಿ ಬರಬಹುದು. ಇಂಥ ಊರುಗಳಲ್ಲಿ ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಹಿಂದಿನ ದಿನವೇ ವಿಚಾರಿಸಿಡಬೇಕು. ಹೊಲಕ್ಕೆ ಹೋದವರನ್ನು ಕೆಲಸ ಬಿಡಿಸಿ ಕರೆಸುವುದು ತರವಲ್ಲ. ಅವರ ಬಿಡುವಿಗೆ ನಮ್ಮ ವೇಳೆಯನ್ನು ಹೊಂದಿಸಿಕೊಳ್ಳಬೇಕು. ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆ ಒಂದೇ ದಿನಕ್ಕೆ ಈ ಎಲ್ಲ ಊರುಗಳನ್ನೂ ತುರುಕಿ ಪಟ್ಟಿ ಮಾಡಿಕೊಂಡು ಬಂದಿತ್ತು. ಹೆಗ್ಗೆರೆಯಲ್ಲಿ ಅರ್ಧ ಜನ ಬಸ್ಸಿನಿಂದ ಇಳಿಯಲೇ ಇಲ್ಲ. ಅವರ ತಪ್ಪೇನಿಲ್ಲ, ಸುಸ್ತಾಗಿದ್ದರು. ಅಷ್ಟು ದೂರ ದುಡ್ಡು ಕೊಟ್ಟು ಬಂದವರಿಗೆ ಕಿಟಕಿಯಿಂದ ಬಸದಿ ತೋರಿಸಿದ್ದು ನನಗೆ ಈಗಲೂ ಸಂಕಟ.

ಹಾಲುರಾಮೇಶ್ವರದಲ್ಲಿ ಬೇರೆಯೇ ಎಚ್ಚರ ಬೇಕು. ಅಲ್ಲಿನ ಗಂಗೆಯ ಕೊಳದ ಮುಂದೆ ಭಕ್ತರು ಹರಕೆ ಹೊತ್ತು ಕೂರುತ್ತಾರೆ. ಬೇಡಿಕೊಂಡವರಿಗೆ ನೀರಿನಿಂದ ಫಲ ತೇಲಿ ಬರುತ್ತದೆ ಎಂಬ ನಂಬಿಕೆ. ಮಕ್ಕಳಾಗಲೆಂದು, ರೋಗ ವಾಸಿಯಾಗಲೆಂದು ಬಂದವರು ಕಣ್ಣು ಮುಚ್ಚಿ ಕೂತಿರುತ್ತಾರೆ. ಪ್ರತಿ ಗುಂಪಿನಲ್ಲೂ ನಂಬುವವರಿರುತ್ತಾರೆ, ನಂಬದವರಿರುತ್ತಾರೆ. ವಾದಕ್ಕೆ ಬಸ್ಸಿದೆ, ಊಟದ ಜಾಗವಿದೆ; ಕೊಳದ ದಂಡೆಯಲ್ಲಿ ಮಾತ್ರ ಬೇಡ ಎಂದು ಮೊದಲೇ ತಿಳಿಸಿರುತ್ತೇನೆ, ಮೊಬೈಲು ಚೀಲದಲ್ಲಿರಲಿ ಎಂದೂ. ಬರಗಾಲದ ಸೀಮೆಯ ಜನ ತಮ್ಮ ಆಸೆಯನ್ನು ನೀರಿನ ಮುಂದೆಯೇ ಇಟ್ಟರೆ ಅದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ಸಂಜೆಗೆ ಸಾಣೇಹಳ್ಳಿ. ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕಾಲು ಚಾಚಿ ಕೂತರೆ ದಿನದ ದಣಿವು ಇಳಿಯುತ್ತದೆ. 1997ರಿಂದ ಇಲ್ಲಿನ ಶಿವಸಂಚಾರ ತಂಡ ನಾಡಿನ ಊರೂರಿಗೆ ನಾಟಕ ಒಯ್ಯುತ್ತಿದೆ. ನವೆಂಬರಿನ ನಾಟಕೋತ್ಸವದ ಹೊತ್ತಿಗೆ ಪ್ರವಾಸ ಹೊಂದಿಸಿಕೊಂಡರೆ ರಾತ್ರಿ ಒಂದು ನಾಟಕವೂ ಸಿಗುತ್ತದೆ.

ಕೊನೆಯ ದಿನ ಹೊಳಲ್ಕೆರೆಗೆ. ಬಯಲಲ್ಲಿ ಕೂತ ದೊಡ್ಡ ಗಣಪತಿಯನ್ನು ಎದುರಿನಿಂದ ನೋಡಿ ಕೈಮುಗಿದು ಹೊರಡುವವರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಬೆನ್ನಿನ ಮೇಲಿನ ಜಡೆ ತೋರಿಸಬೇಕು. ಶಿಲ್ಪಿ ಮಗುವಿನ ಕೂದಲು ಹೆಣೆದಂತೆ ಹೆಣೆದಿದ್ದಾನೆ. ಕಾಲಲ್ಲಿ ಕಸುವಿರುವವರು ರಾಮಗಿರಿಯ ಬೆಟ್ಟ ಹತ್ತಿ ಕರಿಸಿದ್ಧೇಶ್ವರನನ್ನು ಕಂಡು ಬರಲಿ. ಮೇಲಿನಿಂದ ಸುತ್ತಲ ಕೆರೆಗಳು ಯಾವುದು ತುಂಬಿದೆ, ಯಾವುದು ಬತ್ತಿದೆ ಎಂದು ಕಾಣುತ್ತದೆ. ಉಳಿದವರು ಕೆಳಗೇ ನೆರಳಲ್ಲಿ ಕೂರಲಿ. ಗುಂಪೆಂದರೆ ಎಲ್ಲರೂ ಎಲ್ಲವನ್ನೂ ನೋಡಲೇಬೇಕೆಂಬ ಕಟ್ಟಳೆಯೇನಿಲ್ಲ. ಮಂಡಿ ನೋವಿನವರು ಕೆಳಗೆ ಊರಿನವರ ಜೊತೆ ಮಾತಾಡಿ ತಂದ ಸುದ್ದಿ ಎಷ್ಟೋ ಸಲ ಬೆಟ್ಟ ಹತ್ತಿದವರ ಸುದ್ದಿಗಿಂತ ಚೆನ್ನಾಗಿರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ದಯವಿಟ್ಟು ಬರಬೇಡಿ, ಬಂಡೆ ಕಾದಿರುತ್ತದೆ, ಹೊಂಡಗಳಲ್ಲಿ ತಳ ಕಾಣುತ್ತಿರುತ್ತದೆ. ಹಿಂಗಾರು ಮುಗಿದ ಮೇಲೆ ಬನ್ನಿ. ಕೋಟೆಗೆ ಬೆಳಗಿನ ಹೊತ್ತನ್ನೆಲ್ಲ ಕೊಡಿ, ಇಳಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿಂದು ನಡೆದೇ ಸಂತೆಹೊಂಡದವರೆಗೆ ಹೋಗಿ. ಬೆಟ್ಟದ ಮೇಲೆ ನೋಡಿದ ನೀರಿನ ಕೊನೆಯ ಪಾಲು ಅಲ್ಲಿದೆ, ಪ್ರವಾಸಿಗರು ಮಾತ್ರ ಅತ್ತ ಹಾಯುವುದಿಲ್ಲ. ರೈಲಿಗೆ ಹೋಗುವವರಿಗೆ ಹೊಳಲ್ಕೆರೆಯಿಂದ ಚಿಕ್ಕಜಾಜೂರು ಜಂಕ್ಷನ್ ಹತ್ತಿರ, ಮತ್ತೆ ದುರ್ಗಕ್ಕೆ ಬರಬೇಕಾಗಿಲ್ಲ.