ಸೌಟಿನ ಅಳತೆ, ತಕ್ಕಡಿಯ ಅಳತೆ: ಬಿಸಿಯೂಟದಿಂದ ಒಂದು ಪಾಠ

ತರಗತಿ: 7. ವಿಷಯ: ವಿಜ್ಞಾನ ಮತ್ತು ಗಣಿತ.
ಕಲಿಕಾ ಫಲ: ಆಹಾರದ ಶಕ್ತಿಯನ್ನು ಲೆಕ್ಕ ಹಾಕಲು ಗಾತ್ರದ ಅಳತೆ ಏಕೆ ಸಾಲದು ಎಂಬುದನ್ನು ವಿದ್ಯಾರ್ಥಿಯು ಅಳೆದು ವಿವರಿಸುವನು.

ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳಲ್ಲಿ ಅಭ್ಯಾಸ ಬೋಧನೆ ಮಾಡುವ ಪ್ರಶಿಕ್ಷಣಾರ್ಥಿಗಳು ‘ಒಂದು ಲೋಟ ಅಕ್ಕಿ, ಒಂದು ಲೋಟ ಮಂಡಕ್ಕಿ, ಶಕ್ತಿ ಯಾವುದರಲ್ಲಿ ಹೆಚ್ಚು?’ ಎಂಬ ಪ್ರಶ್ನೆಯಿಂದ ಪಾಠ ಆರಂಭಿಸಬಹುದು. ಮನೆಯ ಪಾವು, ಸೇರುಗಳನ್ನು ಮಕ್ಕಳಿಂದಲೇ ಹೇಳಿಸಿ.

ಚಟುವಟಿಕೆ 1: 200 ಮಿ.ಲೀ. ಲೋಟದಲ್ಲಿ ಎರಡನ್ನೂ ತಲೆ ಸವರಿ ತುಂಬಿಸಿ, ತೂಗಿಸಿ. ಅಕ್ಕಿ ಸುಮಾರು 160 ಗ್ರಾಂ, ಮಂಡಕ್ಕಿ 20 ಗ್ರಾಂ ಆಸುಪಾಸು ಬರುತ್ತದೆ. 100 ಗ್ರಾಂಗೆ ಎರಡರಲ್ಲೂ ಸುಮಾರು 350 ಕಿಲೋಕ್ಯಾಲರಿ. ಆದರೆ ಲೋಟದ ಲೆಕ್ಕದಲ್ಲಿ ಅಕ್ಕಿಗೆ 560, ಮಂಡಕ್ಕಿಗೆ 70. ಮಂಡಕ್ಕಿಯ ಲೋಟದಲ್ಲಿ ಹೆಚ್ಚಿನದು ಗಾಳಿ ಎಂಬುದನ್ನು ಮಕ್ಕಳೇ ಹೇಳಲಿ.

ಚಟುವಟಿಕೆ 2: 100 ಗ್ರಾಂ ಅಕ್ಕಿಯನ್ನು ಉದುರಾಗಿಯೂ ಇನ್ನೊಂದು 100 ಗ್ರಾಂ ಅಕ್ಕಿಯನ್ನು ಹೆಚ್ಚು ನೀರಿಟ್ಟು ಮೆತ್ತಗೂ ಬೇಯಿಸಿದ್ದನ್ನು ತೂಗಿಸಿ. ಮೆತ್ತಗಿನ ಅನ್ನ ಹೆಚ್ಚು ತೂಗುತ್ತದೆ. ಶಕ್ತಿ ಮಾತ್ರ ಹೆಚ್ಚಿಲ್ಲ, ಹೆಚ್ಚಿದ್ದು ನೀರು. ಆದ್ದರಿಂದ ‘ತೂಗಿದರೆ ಸರಿ’ ಎಂದು ಪಾಠ ಮುಗಿಸಬಾರದು. ತೂಗಬೇಕಾದದ್ದು ಬೇಯಿಸುವ ಮೊದಲು.

ಅನ್ವಯ: ಬಿಸಿಯೂಟದ ಮಾನದಂಡವೂ ಬೇಯಿಸದ ಧಾನ್ಯದ ತೂಕದಲ್ಲೇ ಇದೆ. 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, ಒಟ್ಟು ಊಟದಿಂದ 450 ಕಿಲೋಕ್ಯಾಲರಿ; 6ರಿಂದ 8ಕ್ಕೆ 150 ಗ್ರಾಂ, 700 ಕಿಲೋಕ್ಯಾಲರಿ. ಆದರೆ ಬಡಿಸುವುದು ಸೌಟಿನಲ್ಲಿ. ಇವೆರಡನ್ನು ಹೊಂದಿಸುವ ಲೆಕ್ಕವನ್ನು ಕೊಡಿ: 1ರಿಂದ 5ನೇ ತರಗತಿಯ 40 ಮಕ್ಕಳಿಗೆ 4 ಕಿಲೋ ಅಕ್ಕಿ, ಬೆಂದ ಅನ್ನ 12 ಕಿಲೋ ಆದರೆ ಒಬ್ಬರಿಗೆ 300 ಗ್ರಾಂ. ಒಂದು ಸೌಟು ಅನ್ನ 150 ಗ್ರಾಂ ತೂಗಿದರೆ ಎರಡು ಸೌಟು. ನೀರು ಕಡಿಮೆಯಾಗಿ ಅನ್ನ 10 ಕಿಲೋ ಮಾತ್ರ ಆದ ದಿನ? ತಲಾ 250 ಗ್ರಾಂ. ಅಂದು ಸೌಟನ್ನು ಮತ್ತೆ ತೂಗಬೇಕು. ಇಲ್ಲವಾದರೆ ಸಾಲಿನ ಕೊನೆಯಲ್ಲಿ ನಿಂತ ಮಗುವಿಗೆ ಅನ್ನ ಸಾಲದೆ ಹೋಗಬಹುದು.

ಮೌಲ್ಯಮಾಪನ: ರಾಗಿ ಹಿಟ್ಟನ್ನು ಸಡಿಲವಾಗಿ ಮತ್ತು ಒತ್ತಿ ಅಳೆದು, ತೂಗಿ, ವ್ಯತ್ಯಾಸಕ್ಕೆ ಕಾರಣ ಬರೆಯಲಿ.

ಎಚ್ಚರಿಕೆ: ತಕ್ಕಡಿಗೆ ಆಹಾರ ಏರಲಿ, ಮಕ್ಕಳಲ್ಲ. ಯಾರು ಎಷ್ಟು ಉಣ್ಣುತ್ತಾರೆಂಬ ಹೋಲಿಕೆ ತರಗತಿಯಲ್ಲಿ ಬೇಡ. ಹಸಿದ ಮಗು ಇನ್ನೊಂದು ಸೌಟು ಕೇಳಲು ನಾಚುವಂತೆ ಮಾಡಿದರೆ, ಲೆಕ್ಕ ಸರಿಯಿದ್ದರೂ ಪಾಠ ತಪ್ಪಿದಂತೆ.